ಗುಜರಿ ಕೋಣೆಗೆ ಹೋಗಿಬಂದ ಕಂಪ್ಯೂಟರ್

ನಾನು ಒಂದು ಹಳೆಯ ಕಂಪ್ಯೂಟರ್. ಹುಟ್ಟಿದ್ದು ಎಲ್ಲೋ ಕಡಲಾಚೆ. ಬುದ್ಧಿ ಬಂದದ್ದು ಬೆಂಗಳೂರಿನಲ್ಲಿ, ರನ್‌ವೇ ಪಕ್ಕದ ಒಂದು ಕಚೇರಿಯಲ್ಲಿ. ಸಣ್ಣ ವಿಮಾನವೊಂದರ ಬ್ರೇಕ್ ನಡೆಸುವ ಪ್ರೋಗ್ರಾಂ ತಯಾರಾದದ್ದು ನನ್ನ ಹೊಟ್ಟೆಯಲ್ಲಿ. ಆ ಹೆಮ್ಮೆಯ ಜೊತೆಗೇ ಸೆರೆವಾಸವೂ ಬಂತು. ಮುಂದೆಂದಾದರೂ ಪ್ರಶ್ನೆ ಎದ್ದರೆ ಅದೇ ಪ್ರೋಗ್ರಾಂ, ಒಂದಕ್ಷರ ಆಚೀಚೆಯಾಗದಂತೆ, ಮತ್ತೆ ನನ್ನಿಂದಲೇ ಬರಬೇಕು. ಆದ್ದರಿಂದ ನಾನು ಬದಲಾಗಕೂಡದು. ಪಕ್ಕದವರಿಗೆಲ್ಲ ಹೊಸ ಹೊಸ ಸಾಫ್ಟ್‌ವೇರ್. ನನಗೆ ಇಂಟರ್ನೆಟ್ಟಿನ ಗಾಳಿಯೂ ಸೋಕುವಂತಿಲ್ಲ. ಕೂತಲ್ಲೇ ಚಡಪಡಿಸುತ್ತಿದ್ದೆ.

ನನ್ನ ಕಾವಲು ವಾರಿಜಾ ಮೇಡಂ ಅವರದು. ಯಾವ ಕಡತ, ಯಾವ ಪರೀಕ್ಷೆಯ ವರದಿ, ಯಾವ ಯಂತ್ರ ಯಾರ ಕೈಯಲ್ಲಿದೆ ಎಂದು ನೋಡಿಕೊಳ್ಳುವುದು ಅವರ ಕೆಲಸ. ಇದು ಯಾವ ಕೆಲಸದ ಯಂತ್ರ ಎಂದು ಬರೆದ ಲೇಬಲ್ಲನ್ನು ನನ್ನ ನೆತ್ತಿಗೆ ಅಂಟಿಸಿದ್ದೂ ಅವರೇ.

ಆ ವರ್ಷ ಅವರು ರಜೆಯಲ್ಲಿದ್ದಾಗ ಆಯುಧಪೂಜೆ ಬಂತು. ಕಚೇರಿ ಸಹಾಯಕ ಹೊನ್ನಪ್ಪ ಭಕ್ತಿಯಿಂದ ನನ್ನ ಮೈ ಒರೆಸಿದ. ಅಂಚು ಕಿತ್ತುಬಂದಿದ್ದ ಲೇಬಲ್ ಅವನಿಗೆ ಕೊಳೆಯಂತೆ ಕಂಡಿರಬೇಕು. ಥಿನ್ನರ್ ಹಚ್ಚಿ ಉಜ್ಜಿ ತೆಗೆದ. ಕುಂಕುಮ ಇಟ್ಟ, ಚೆಂಡುಹೂವು ಮುಡಿಸಿದ. ಹಬ್ಬ ಮುಗಿದ ಮೇಲೆ ಹಳೆ ಸಾಮಾನು ಸಾಗಿಸುವವರು ಬಂದರು. ಲೇಬಲ್ ಇಲ್ಲದ್ದಕ್ಕೆ ವಾರಸುದಾರರಿಲ್ಲ ಎಂದು ನನ್ನನ್ನೂ ಗುಜರಿ ಕೋಣೆಗೆ ಹಾಕಿದರು. ಅದಕ್ಕೆ ಬೀಗವಿರಲಿಲ್ಲ. ಬಾಗಿಲು ಕಿರ್ರೆಂದಾಗಲೆಲ್ಲ ಯಾರೋ ನನ್ನ ಮೇಲೆ ಕೈ ಹಾಕಲು ಬಂದರು ಎಂದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಪರೀಕ್ಷಾ ಹಾರಾಟದಲ್ಲಿ ವಿಮಾನದ ಬ್ರೇಕ್ ಹಿಡಿಯಲು ತುಸು ತಡವಾಯಿತು. ಪ್ರೋಗ್ರಾಂ ತಿದ್ದುವವರೆಗೆ ವಿಮಾನ ಹಾರುವಂತಿರಲಿಲ್ಲ. ತಿದ್ದಿದ್ದೂ ನನ್ನಲ್ಲೇ ತಯಾರಾಗಬೇಕಿತ್ತು. ರಜೆ ಮುಗಿಸಿ ಬಂದ ವಾರಿಜಾ ಮೇಡಂ ನನ್ನನ್ನು ಹುಡುಕಿ ತಂದರು. ಹಣೆಯ ಕುಂಕುಮವನ್ನು ಸೆರಗಿನಿಂದ ಒರೆಸಿದರು. ಮೊದಲು ಹಳೆಯ ಪ್ರೋಗ್ರಾಮನ್ನೇ ನನ್ನಿಂದ ತಯಾರಿಸಿ ನೋಡಿದರು. ಕಪಾಟಿನಲ್ಲಿಟ್ಟಿದ್ದ ಪ್ರತಿಗೂ ನನ್ನದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಗೆದ್ದೆ ಎಂದುಕೊಂಡೆ.

"ಹಳೇ ತಾರೀಖು ಹಾಕಿ ಒಂದು ಲೇಬಲ್ ಅಂಟಿಸಿಬಿಡಿ ಮೇಡಂ. ಮಿಷಿನ್ ಅದೇ ತಾನೆ?" ಎಂದರು ಮುಖ್ಯಸ್ಥ ಶ್ರೀಕಂಠಯ್ಯ.

"ಅದೇ ಸರ್. ಆದ್ರೆ ಅಲ್ಲಿದ್ದಷ್ಟು ದಿನ ಯಾರೂ ಮುಟ್ಟಿಲ್ಲ ಅಂತ ಹೇಗೆ ಸೈನ್ ಹಾಕ್ಲಿ? ಹಳೇದು ಸರಿ ಬಂತು. ತಿದ್ದಿದ್ದೂ ಸರಿ ಬರುತ್ತೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಎನ್ನುತ್ತಾರಂತೆ. ನನ್ನ ಪಾಡೂ ಅದೇ ಆಯಿತು. ಬೇರೆ ಕಂಪ್ಯೂಟರ್ ತಂದರು, ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ನಡೆಸಿದರು. ಅಲ್ಲಿಯವರೆಗೆ ವಿಮಾನ ಹ್ಯಾಂಗರಿನಲ್ಲೇ ನಿಂತಿತು. ತಡವಾದದ್ದಕ್ಕೆ ಬೈಗುಳ ತಿಂದವರು ವಾರಿಜಾ ಮೇಡಂ.

ಈಗ ಅವರ ಕೋಣೆಯ ಮೂಲೆಯಲ್ಲಿದ್ದೇನೆ. 'ಬಳಸಕೂಡದು' ಎಂಬ ಕೆಂಪು ಲೇಬಲ್ಲನ್ನು ಅವರೇ ಅಂಟಿಸಿ, ಅಂಚುಗಳನ್ನು ಹೆಬ್ಬೆರಳಿನಿಂದ ಬಹಳ ಹೊತ್ತು ಒತ್ತಿದರು. ಅವರ ಮೇಲೆ ನನಗೆ ತುಂಬ ಸಿಟ್ಟಿತ್ತು. ಮೊನ್ನೆ ಆ ವಿಮಾನ ಇಳಿಯುವಾಗ ಅವರು ಕಿಟಕಿಯ ಬಳಿ ಎದ್ದು ನಿಂತರು. ಅದು ಪೂರ್ತಿ ನಿಲ್ಲುವವರೆಗೂ ಕೂರಲಿಲ್ಲ. ಆಗ ನನ್ನ ಸಿಟ್ಟು ಇಳಿಯಿತು.

ಗುಜರಿ ಕೋಣೆಯಲ್ಲಿ ನನ್ನನ್ನು ಯಾರೂ ಮುಟ್ಟಲಿಲ್ಲ. ಅದು ಗೊತ್ತಿರುವುದು ನನಗೆ ಮಾತ್ರ, ನನಗೋ ಬಾಯಿಲ್ಲ. ಬಾಯಿದ್ದು ಹೇಳಿದ್ದರೂ ವಾರಿಜಾ ಮೇಡಂ, "ಸಾಕ್ಷಿ ಎಲ್ಲಿ?" ಎಂದೇ ಕೇಳುತ್ತಿದ್ದರು.