ಬಾಲವಾಡಿಯ ತಾರಸಿ

“ಇದೆಂತ ಬೇವರ್ಸಿ, ದನಕ್ಕೆ ಹಾಕುವ ನುಚ್ಚಾ? ಇನ್ನೂ ನುಣ್ಣಗೆ ಆಗ್ಬೇಕು. ಹಿಡಿದ್ರೆ ಬೆರಳಿಗೆ ಗೊತ್ತಾಗ್ಬಾರ್ದು.”

ಗುತ್ತಿಗೆದಾರ ಮಹಾಬಲ ಮೊರವನ್ನು ಕಾಲಿನಿಂದ ತಳ್ಳಿದ. ಪುಡಿ ಅಪ್ಪಿಯ ಮುಖಕ್ಕೆ ಹಾರಿತು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ಒನಕೆ ಎತ್ತಿದಳು. ಕಡಬದ ಹತ್ತಿರ ಮುರಿದುಬಿದ್ದ ಹಳೆಯ ಮೋರಿಯ ಕಾಂಕ್ರೀಟನ್ನು ಲಾರಿಯಲ್ಲಿ ತಂದು ಅವನ ಶೆಡ್ಡಿನಲ್ಲಿ ಸುರಿದಿದ್ದರು. ಅದನ್ನು ಒಡೆದು, ಕುಟ್ಟಿ, ಹಳೆ ಸೀರೆಯಲ್ಲಿ ಸೋಸುವುದು ಅಪ್ಪಿಯ ಕೆಲಸ. ತನ್ನ ಅಂಗಳಕ್ಕೆ ಹಾಸಲಿಕ್ಕೆ ಎಂದಿದ್ದ ಮಹಾಬಲ. ಧಣಿಯ ಅಂಗಳ, ಧಣಿಯ ಧೂಳು, ನಮ್ಮ ಗಂಟೇನು ಹೋಗುತ್ತದೆ? ಭತ್ತ ಕುಟ್ಟಿ ಪಳಗಿದ ಕೈ ಅವಳದು. ಸೀರೆಯನ್ನು ಎರಡು ಮಡಿಕೆ ಮಾಡಿ ಸೋಸಿದಳು. ಮಹಾಬಲ ಮುಟ್ಟಿ ನೋಡಿ ನಕ್ಕಾಗ ಅವಳಿಗೆ ಹೆಮ್ಮೆಯೂ ಆಗಿತ್ತು. ಥೂ, ಆ ಹೆಮ್ಮೆಗೆ ಬೆಂಕಿ ಬೀಳಲಿ.

ಸಿಮೆಂಟಿಗೆ ಸರ್ಕಾರದ ಪರ್ಮಿಟ್ಟು ಬೇಕಾದ, ಕಾಳಸಂತೆಯಲ್ಲಿ ಅದಕ್ಕೆ ದುಪ್ಪಟ್ಟು ಬೆಲೆ ಸಿಗುತ್ತಿದ್ದ ಕಾಲ ಅದು. ಅಪ್ಪಿಯ ಕೇರಿಗೆ ಒಂದು ಬಾಲವಾಡಿ ಮಂಜೂರಾಗಿತ್ತು, ಗುತ್ತಿಗೆ ಮಹಾಬಲನದೇ. ಹೊಸ ತಾರಸಿಗೆ ನೀರು ಹೊಯ್ಯಲು ಹೋದ ಅಪ್ಪಿ, ತಾನು ಪುಡಿ ತುಂಬಿಸಿ ಬಾಯಿ ಹೊಲಿದ ಗೋಣಿಗಳು ಅಲ್ಲಿ ಬರಿದಾಗಿ ಬಿದ್ದಿರುವುದನ್ನು ಕಂಡಳು. ಕೇರಿಯವನೇ ಆದ ಮೇಸ್ತ್ರಿ ಬೋಜನನ್ನು ಕೇಳಿದಳು. ಅವನು ತಲೆ ಎತ್ತಲಿಲ್ಲ. ಅರ್ಧ ಸಿಮೆಂಟು, ಅರ್ಧ ನಿನ್ನ ಪುಡಿ, ಉಳಿದ ಸಿಮೆಂಟು ಸುಳ್ಯಕ್ಕೆ ಮಾರಾಟವಾಯಿತು ಎಂದ. ದೊರಗಾಗಿದ್ದರೆ ಇಂಜಿನಿಯರರಿಗೆ ಗೊತ್ತಾಗುತ್ತಿತ್ತು, ನಿನ್ನದು ಸಿಮೆಂಟಿನ ಹಾಗೇ ಇತ್ತು ಎಂದೂ ಹೇಳಿದ.

ಬಾಲವಾಡಿಯಲ್ಲಿ ಉಪ್ಪಿಟ್ಟು ಕೊಡುತ್ತಾರಂತೆ ದೊಡ್ಡಮ್ಮ ಎಂದು ತಂಗಿ ಮೋಹಿನಿಯ ಮಗಳು ತಟ್ಟೆ ಹಿಡಿದು ಕುಣಿಯುತ್ತಿದ್ದಳು. ಆ ಮಗುವಿನ ಮುಖ ನೋಡಲು ಅಪ್ಪಿಗೆ ಆಗಲಿಲ್ಲ. ಮಹಾಬಲನ ಅಂಗಳದ ಕೆಳಗೆ ನಿಂತು, ತಾರಸಿ ಒಡೆಸಿ ಧಣಿ ಎಂದು ಕೈಮುಗಿದಳು.

“ಗುಡಿಸಲಲ್ಲಿ ಹುಟ್ಟಿದ ನಿಮಗೆ ತಾರಸಿ ಉಂಟಲ್ಲ, ಅಷ್ಟು ಸಾಲ್ದಾ? ಯಾರಿಗೆ ಬೇಕಾದ್ರೂ ಹೋಗಿ ಹೇಳು. ಕುಟ್ಟಿದ್ದು ಯಾರು ಅಂತ ಮೊದಲು ಕೇಳ್ತಾರೆ, ರಂಡೆ.”

ಕುಟ್ಟಿದ್ದು ಅವಳೇ.

ತಾರಸಿಯ ಅಡಿಗೆ ಕೊಟ್ಟಿದ್ದ ಆಧಾರದ ಕಂಬಗಳನ್ನು ತೆಗೆಯುವ ದಿನ ಕೇರಿಯೆಲ್ಲ ನೆರೆದಿತ್ತು. ಮಹಾಬಲ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಬೋಜ ಒಳಗೆ ಕಾಲಿಡಲು ಹಿಂದೆಮುಂದೆ ನೋಡಿದ. ಅಪ್ಪಿ ಅವನ ಕೈಯಿಂದ ಸುತ್ತಿಗೆ ಕಸಿದುಕೊಂಡು ಒಳಗೆ ಹೋದಳು. ನಡುವಿನ ಕಂಬವನ್ನು ಹಿಡಿದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು:

“ಧಣಿಗಳೇ, ಇದರಲ್ಲಿ ಅರ್ಧ ಹಳೇ ಮೋರಿಯ ಪುಡಿ ಉಂಟು. ಕುಟ್ಟಿದ್ದು ನಾನು, ಅದಕ್ಕೆ ಅಡಿಯಲ್ಲಿ ನಿಂತಿದ್ದೇನೆ. ಹಾಕಿಸಿದ್ದು ನೀವು. ನೀವೂ ಬನ್ನಿ. ಇಬ್ಬರೂ ಇಲ್ಲೇ ನಿಂತು ಕಂಬ ತೆಗೆಯುವ.”

ಮಹಾಬಲ ಎದ್ದ. ಆ ಹುಚ್ಚಿಯನ್ನು ಹೊರಗೆ ಎಳೆಯಿರಿ ಎಂದ. ಯಾರೂ ಅಲ್ಲಾಡಲಿಲ್ಲ. ಎಲ್ಲರೂ ಅವನ ಕಾಲನ್ನೇ ನೋಡುತ್ತಿದ್ದರು. ಆ ಕಾಲು ಒಂದು ಹೆಜ್ಜೆ ಹಿಂದೆ ಸರಿಯಿತು.

ಅಪ್ಪಿ ಕಂಬದ ಬುಡದ ಬೆಣೆಗೆ ಸುತ್ತಿಗೆ ಬೀಸಿದಳು.