ಮೊಟ್ಟೆ ಹಾಕದ ಕೇಕು

"ಲೋ ಕೆಂಚ, ನಿನ್ ಕೇಕು ನೀನೇ ತಿನ್ಕೊಳೋ. ಮಿಕ್ಕಿದ್ದು ಈ ಬಿಳಿಯರಿಗೆ ಹಾಕು, ಪಾಪ, ಇವರಿಗೇನ್ ಗೊತ್ತಾಗುತ್ತೆ!"

ರಘುನಾಥ ನಗುತ್ತಲೇ ಹೇಳಿದ. ಹೇಳಿದ್ದು ಕನ್ನಡದಲ್ಲಿ, ಹಾಗಾಗಿ ಸುತ್ತ ನಿಂತಿದ್ದ ಸ್ವೀಡನ್ನಿನವರೂ ತಮಾಷೆಯೆಂದು ನಕ್ಕರು. ಅವನು ನಮ್ಮ ಟೀಮ್ ಲೀಡ್. 2009ರಲ್ಲಿ ಬೆಂಗಳೂರಿನ ಕಂಪನಿ ನಮ್ಮನ್ನು ಗೊಥೆನ್‌ಬರ್ಗಿಗೆ ಕಳಿಸಿದ ಮೊದಲ ವಾರವೇ ನನ್ನ ಊರು ಕೇಳಿ, ಬೀದಿ ಕೇಳಿ, ಮನೆದೇವರನ್ನೂ ಕೇಳಿ ಜಾತಿ ತಿಳಿದುಕೊಂಡಿದ್ದ. ಅಂದಿನಿಂದ ಕೆಂಚಪ್ಪ ಹೋಗಿ ಕೆಂಚನಾದೆ.

ಆ ಆಫೀಸಿನಲ್ಲಿ ಶುಕ್ರವಾರದ ಫಿಕಾಕ್ಕೆ, ಅಂದರೆ ಎಲ್ಲರೂ ಕೆಲಸ ಬಿಟ್ಟು ಕಾಫಿಗೆ ಕೂರುವ ಹೊತ್ತಿಗೆ, ಸರದಿಯಂತೆ ಒಬ್ಬೊಬ್ಬರು ಕೇಕು ತರಬೇಕು. ನನ್ನ ಮೊದಲ ಸರದಿಯಲ್ಲಿ ಬೆಂಗಳೂರಿನಿಂದ ಬಂದ ನಮ್ಮವರು ಯಾರೂ ಮುಟ್ಟಲಿಲ್ಲ. ಮೊಟ್ಟೆ ಇದೆಯೆಂದು ಬಿಟ್ಟರೇನೋ ಅಂದುಕೊಂಡೆ, ಪೆದ್ದ ನಾನು. ಮುಂದಿನ ಸಲ ರವೆ, ಮೊಸರು ಕಲಸಿ ನಾನೇ ಬೇಯಿಸಿ ತಂದೆ. ಅದಕ್ಕೆ ಸಿಕ್ಕಿದ್ದು ಆ ಮಾತು.

ಕೇಕೊಂದೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ದಿನ ಬೆಳಗಾದರೆ ರಘುನಾಥ "ಬಾರೋ ಕೋಟಾ" ಅನ್ನುತ್ತಿದ್ದ. ಅವನು ಕೆಡಿಸಿದ ಕೆಲಸಕ್ಕೂ ನನ್ನ ಹೆಸರು. ನಾನು ಕುಡಿದ ಲೋಟವನ್ನು ಎರಡು ಬೆರಳಲ್ಲಿ ಎತ್ತಿ ಕಸಕ್ಕೆ ಹಾಕುತ್ತಿದ್ದ. ಕೊನೆಗೆ ಆಫೀಸಿನ ಬಾಗಿಲು ಕಂಡರೆ ವಾಂತಿ ಬರತೊಡಗಿತು. ಕೀಬೋರ್ಡಿನ ಮುಂದೆ ಕೂರಲಾಗದೆ ಹೋಯಿತು. ಡಾಕ್ಟರು ರಜೆ ಬರೆದುಕೊಟ್ಟರು. ಇದು ಕೆಲಸದಿಂದಲೇ ಬಂದ ಕಾಯಿಲೆ ಅಂತ ಅಲ್ಲಿನ ಸರ್ಕಾರಿ ವಿಮೆಯವರು ಒಪ್ಪಿದರೆ ಪರಿಹಾರ. ಇಲ್ಲವಾದರೆ ಸೋಮವಾರ ಮತ್ತೆ ಅದೇ ರಘುನಾಥನ ಕೆಳಗೆ. ನನ್ನ ವರ್ಕ್ ಪರ್ಮಿಟ್ಟು ಆ ಕಂಪನಿಯ ಹೆಸರಿನಲ್ಲಿತ್ತು, ಬೇರೆ ಕಡೆ ಹೋಗುವಂತಿರಲಿಲ್ಲ.

ವಿಮೆಯ ಅಧಿಕಾರಿ ಗುನಿಲ್ಲಾ ಸಾಕ್ಷಿ ಕೇಳಿದಳು. ಪಕ್ಕದ ಮೇಜಿನ ಕುಮುದಾ, "ನಾನ್ ಬರ್ತೀನಣ್ಣ, ಎಲ್ಲಾ ಕೇಳಿಸ್ಕೊಂಡಿದೀನಲ್ಲ" ಅಂದಿದ್ದಳು. ಗುನಿಲ್ಲಾಳ ಆಫೀಸಿಗೆ ಬಂದಳು ಕೂಡ. ಗುನಿಲ್ಲಾ ಕಾಫಿ ಕೊಟ್ಟು ಸಕ್ಕರೆ ಉದುರಿಸಿದ ಬನ್ನು ಇಟ್ಟಳು. ಕುಮುದಾ ತಿಂದಳು. ತಿಂದು, ಇಂಗ್ಲಿಷಿನಲ್ಲಿ ಹೇಳಿದಳು: "ಅಂಥದ್ದೇನೂ ಇಲ್ಲ ಮೇಡಂ. ತಮಾಷೆ ಅಷ್ಟೆ. ನಮ್ಮ ಟೀಮಲ್ಲಿ ಯಾರೂ ಜಾತಿ ನೋಡಲ್ಲ."

ಅವಳದ್ದೂ ಪರ್ಮಿಟ್ಟೇ, ಅವಳ ಮೇಲಿರುವವನೂ ಅದೇ ರಘುನಾಥ. ಗೊತ್ತಿದ್ದೂ ಹೊಟ್ಟೆ ಉರಿಯಿತು.

ಗುನಿಲ್ಲಾಳಿಗೆ ತೋರಿಸಲೆಂದು ಅದೇ ಕೇಕು ಮಾಡಿ ತಂದಿದ್ದೆ. ಡಬ್ಬಿ ತೆಗೆದು ಅವಳಿಗೊಂದು ತುಂಡು, ಕುಮುದಾಳ ಮುಂದಿನ ತಟ್ಟೆಗೊಂದು ತುಂಡು ಇಟ್ಟೆ.

"ತಿನ್ನವ್ವ ಕುಮುದಾ. ಮೊಟ್ಟೆ ಹಾಕಿಲ್ಲ ಕಣವ್ವ."

"ಬೇಡಣ್ಣ. ಇವತ್ತು ಉಪವಾಸ."

ಅವಳ ತುಟಿಗೆ ಬನ್ನಿನ ಸಕ್ಕರೆ ಇನ್ನೂ ಅಂಟಿತ್ತು.

"ಉಪವಾಸವಂತೆ ಮೇಡಂ. ಅವಳ ತುಟಿ ನೋಡಿ" ಅಂದೆ ಗುನಿಲ್ಲಾಳಿಗೆ.

ಗುನಿಲ್ಲಾ ನೋಡಿದಳು. ಒರೆಸಿಕೊಳ್ಳಲು ಕುಮುದಾಳಿಗೆ ಒಂದು ಟಿಶ್ಯೂ ಕೊಟ್ಟಳು. ತನ್ನ ತುಂಡು ತಿಂದು, ತುಂಬ ರುಚಿಯಾಗಿದೆ ಅಂದಳು. ಆಮೇಲೆ ಮೆತ್ತಗೆ, "ಯಾರೋ ಕೇಕು ತಿನ್ನಲಿಲ್ಲ ಅನ್ನೋದು ಕಿರುಕುಳ ಆಗಲ್ಲ. ಸಾಕ್ಷಿಯೂ ಇಲ್ಲ. ಈ ಅರ್ಜಿ ನಿಲ್ಲಲ್ಲ" ಅಂದಳು. ಎದ್ದು ಹೋಗಿ ಬಾಗಿಲು ತೆರೆದು ಹಿಡಿದಳು.

"ಏಳಣ್ಣ, ಹೋಗೋಣ" ಅಂದಳು ಕುಮುದಾ.

"ನೀ ತಿನ್ನೋಗಂಟ ಏಳಕ್ಕಿಲ್ಲ ಕಣವ್ವ. ಆ ಬೋಳೀಮಗ ರಘುನಾಥನ್ನ ಕರ್ಸು, ಪೊಲೀಸ್ನೋರ್ನೂ ಕರ್ಸು."

ಕುಮುದಾ ತಟ್ಟೆಯನ್ನು ಒಂದು ಬೆರಳಿನಿಂದ ನನ್ನ ಕಡೆ ತಳ್ಳಿದಳು. ನಾನು ಅದನ್ನು ಮತ್ತೆ ಅವಳ ಮುಂದೆ ತಳ್ಳಿ, ಕುರ್ಚಿಯನ್ನು ಮೇಜಿಗೆ ಇನ್ನೂ ಹತ್ತಿರ ಎಳೆದುಕೊಂಡು ಕೂತೇ ಇದ್ದೆ.