ಒಂದು ಮನೆಗೆ ಒಂದೇ ಸಾಲು

ಹಲಗೆಯನ್ನು ಕುರ್ಚಿಯ ಮೇಲೆ ನಿಲ್ಲಿಸಿ, ಹಿಂದಕ್ಕೆ ಎರಡು ದಿಂಬು ಒತ್ತಿಟ್ಟು, ಅದು ಜಾರುವುದಿಲ್ಲ ಅಂತ ಖಾತ್ರಿಯಾದ ಮೇಲೆ ಅವಳು ಸೀಮೆಸುಣ್ಣ ಕೈಗೆ ತೆಗೆದುಕೊಂಡಳು. ಫೈನಲ್ ಪಂದ್ಯಕ್ಕೆ ಇನ್ನೂ ಹೊತ್ತಿತ್ತು. ಆದರೂ ಅವಳ ಗಂಡನ ಅಣ್ಣ ಮಧ್ಯಾಹ್ನದ ಊಟ ಮುಗಿಸಿದವರೇ ಹೆಂಡತಿಯನ್ನು ಹೊರಡಿಸಿಕೊಂಡು ಬಂದು, ಸೋಫಾದಲ್ಲಿ ಮೂರು ಜನರ ಜಾಗವನ್ನು ಒಬ್ಬರೇ ಹಿಡಿದು ಕೂತಿದ್ದರು. ಪೈಪು, ನಲ್ಲಿ ಮಾರುವ ಅಂಗಡಿ ಅವರದು. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಕೂಗಿ ಕೂಗಿ ಮನೆಯಲ್ಲೂ ಅದೇ ದನಿ.

"ರೆಫ್ರಿ, ಬೇಗ ಬರ್ಕೊಳ್ಳೋಕೆ ಶುರು ಮಾಡು. ಆಮೇಲೆ ಮ್ಯಾಚ್ ಶುರುವಾದ್ಮೇಲೆ ಬರೆಸಿದ್ರಿ ಅಂತ ನನ್ನ ಪಾಯಿಂಟಿಗೆ ಕತ್ತರಿ ಹಾಕ್ತೀಯ," ಅಂದರು.

"ಹೋದ ವರ್ಷ ಮಾಡಿದ್ರಲ್ಲ ಭಾವ, ಗೋಲ್ ಆದ್ಮೇಲೆ ಬಂದು ಬರೆಸಿದ್ರಿ," ಅಂದಳು ಅವಳು. ಎಲ್ಲರೂ ನಕ್ಕರು. ನಗಿಸುವುದು ಅವಳಿಗೆ ಈಗಲೂ ಬರುತ್ತಿತ್ತು. ಅಭ್ಯಾಸಬಲ.

ರೆಫ್ರಿ ಅನ್ನುವುದು ಮದುವೆಯಾಗಿ ಬಂದ ಮೊದಲ ವರ್ಷವೇ ಅವಳಿಗೆ ಅಂಟಿಕೊಂಡ ಹೆಸರು. ವರ್ಷಕ್ಕೊಮ್ಮೆ ಫುಟ್‌ಬಾಲ್ ಲೀಗು ಮುಗಿದು ನಾಲ್ಕು ತಂಡಗಳು ಪ್ಲೇಆಫ್‌ಗೆ ಉಳಿದವೆಂದರೆ ಈ ಮನೆಯವರಿಗೂ ಬೀದಿಯ ಸ್ನೇಹಿತರಿಗೂ ಹುಚ್ಚು ಹತ್ತುತ್ತಿತ್ತು. ಎರಡು ಸೆಮಿಫೈನಲ್, ಒಂದು ಫೈನಲ್. ಯಾರು ಗೆಲ್ಲುತ್ತಾರೆ, ಎಷ್ಟು ಗೋಲು ಅಂತ ಪಂದ್ಯಕ್ಕೆ ಮುಂಚೆಯೇ ಹೇಳಿ ಹಲಗೆಯ ಮೇಲೆ ಬರೆಸಬೇಕು. ಗೆದ್ದ ತಂಡವನ್ನು ಸರಿಯಾಗಿ ಹೇಳಿದರೆ ಒಂದು ಪಾಯಿಂಟು, ಗೋಲಿನ ಲೆಕ್ಕವೂ ಕೂಡಿ ಬಂದರೆ ಮೂರು. ಇದರಲ್ಲಿ ದುಡ್ಡಿನ ಮಾತೇ ಇಲ್ಲ. ಬಹುಮಾನ ಅಂದರೆ ಒಂದು ಚಿನ್ನದ ಹಲ್ಲು. ಅವಳು ಕೆಲಸ ಮಾಡುವುದು ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ. ಅಲ್ಲಿ ಮಿಕ್ಕ ಪ್ಲಾಸ್ಟರಿನಿಂದ ಅಂಗೈಯಗಲದ ದವಡೆ ಹಲ್ಲೊಂದನ್ನು ಎರೆದು, ಚಿನ್ನದ ಬಣ್ಣ ಬಳಿದು ತಂದಿದ್ದಳು. ಗೆದ್ದವರು ಅದನ್ನು ವರ್ಷವಿಡೀ ಟೀವಿಯ ಪಕ್ಕದಲ್ಲಿ ಇಟ್ಟುಕೊಂಡು ಮೆರೆಯಬಹುದು. ಹೋದ ವರ್ಷ ಗೆದ್ದಿದ್ದ ಎದುರುಮನೆಯ ಆಂಬುಲೆನ್ಸ್ ಡ್ರೈವರ್ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದು, ಮತ್ತೆ ಒಯ್ಯುವವನ ಹಾಗೆ ತೊಡೆಯ ಮೇಲೇ ಇಟ್ಟುಕೊಂಡಿದ್ದ.

ಆಟದ ನಿಯಮಗಳಲ್ಲೆಲ್ಲ ಗಟ್ಟಿಯಾದದ್ದು ಒಂದು ಮನೆಗೆ ಒಂದೇ ಸಾಲು ಅನ್ನುವುದು. ಅದನ್ನು ಮಾಡಿಸಿದವನು ಅವಳ ಗಂಡ. ಆ ಮೊದಲ ವರ್ಷ ಭಾವ ಹಲಗೆಯ ಮೇಲೆ ತಮ್ಮನಿಗೊಂದು, ಹೊಸದಾಗಿ ಬಂದ ಸೊಸೆಗೊಂದು ಅಂತ ಗೆರೆ ಎಳೆಯುತ್ತಿದ್ದಾಗ, "ನಮ್ಮಿಬ್ರದು ಬೇರೆ ಬೇರೆ ಯಾಕಣ್ಣ? ಒಂದೇ ಬರಿ," ಅಂದಿದ್ದ. ಎಲ್ಲರೂ ಹೋ ಅಂತ ಕಾಲೆಳೆದಿದ್ದರು. ಅವಳು ನಾಚಿಕೆಯಾಗಿ ಒಳಗೆ ಹೋಗಿ, ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿದು ಬಂದಿದ್ದಳು. ನಾಚಿದ್ದು ನೆನಪಿತ್ತು. ಆ ನಾಚಿಕೆ ಹೇಗಿತ್ತು ಅನ್ನುವುದು ಮಾತ್ರ ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ.

ಬರುವ ಭಾನುವಾರ ಅವಳು ಈ ಮನೆ ಬಿಟ್ಟು ಹೋಗುವವಳಿದ್ದಳು. ಅದು ಅವಳಿಗೆ ಗೊತ್ತು, ಗಂಡನಿಗೆ ಗೊತ್ತು, ಮೂರನೆಯವರಿಗೆ ಗೊತ್ತಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರಿಗೆ ಆ ಭಾಗ್ಯವೂ ಉಳಿದಿರಲಿಲ್ಲ. ಉಣ್ಣುವುದಿತ್ತು, ಮಲಗುವುದಿತ್ತು, ಜಗಳವೇ ಇರಲಿಲ್ಲ. ಅವನು ಲಿಫ್ಟ್ ರಿಪೇರಿಯವನು. ಎಲ್ಲಾದರೂ ಜನ ಒಳಗೆ ಸಿಕ್ಕಿಕೊಂಡರೆ ಅರ್ಧ ಊಟ ಬಿಟ್ಟು ಓಡುತ್ತಿದ್ದ. ವಾಪಸು ಬಂದು, ಸಿಕ್ಕಿಕೊಂಡವರು ಏನೇನು ಮಾತಾಡಿಕೊಂಡರು, ಯಾರು ಅತ್ತರು, ಯಾರು ಯಾರನ್ನು ಬೈದರು ಅಂತ ನಟಿಸಿ ತೋರಿಸುತ್ತಿದ್ದ. ಯಾವಾಗಲೋ ಹೇಳುವುದು ಬಿಟ್ಟ. ಅವಳೂ ಯಾವಾಗಲೋ ಕೇಳುವುದು ಬಿಟ್ಟಳು. ಮೊದಲು ಬಿಟ್ಟವರು ಯಾರು ಅಂತ ಈಗ ಕೆದಕಿ ಪ್ರಯೋಜನವಿರಲಿಲ್ಲ. ಸೆಮಿಫೈನಲ್‌ಗಳಿಗೆ ಮುಂಚೆ ಒಂದು ಸಂಜೆ ಇಬ್ಬರೂ ಒಣಗಿದ ಬಟ್ಟೆ ಮಡಿಸುತ್ತಿದ್ದಾಗ, "ಹೀಗೇ ಎಷ್ಟು ದಿನ?" ಅಂತ ಅವಳು ಕೇಳಿದಳು. "ನಂಗೂ ಸಾಕಾಗಿದೆ," ಅಂದ ಅವನು. ಹಾಸಿಗೆ ಬಟ್ಟೆಯ ಒಂದು ತುದಿ ಅವನ ಕೈಯಲ್ಲಿತ್ತು, ಇನ್ನೊಂದು ಅವಳ ಕೈಯಲ್ಲಿತ್ತು. ಅದನ್ನು ಒಟ್ಟಿಗೆ ಮಡಿಸಿ ಬೀರುವಿನಲ್ಲಿ ಇಟ್ಟರು.

ಲ್ಯಾಬಿನ ಹತ್ತಿರ ಒಂದು ಕೋಣೆ ಗೊತ್ತು ಮಾಡಿ ಆಗಿತ್ತು. ಮನೆಯವರಿಗೆ ಹೇಳುವುದೊಂದು ಬಾಕಿ. "ಫೈನಲ್ ಮುಗೀಲಿ. ಎಲ್ರೂ ಖುಷಿಯಾಗಿರ್ತಾರೆ, ಅದನ್ಯಾಕೆ ಹಾಳು ಮಾಡೋದು," ಅಂದಿದ್ದ ಗಂಡ. ಅವಳು ಹೂಂ ಅಂದಿದ್ದಳು. ಗಂಡನನ್ನು ಬಿಡುವುದು ಅವಳಿಗೆ ಕಷ್ಟ ಅನ್ನಿಸಿರಲಿಲ್ಲ. ಕಷ್ಟ ಇದ್ದದ್ದು ಬೇರೆ ಕಡೆ. ಅವಳ ಅಪ್ಪ ಅಮ್ಮ ಇಬ್ಬರೂ ಹೋಗಿ ಬಹಳ ಕಾಲವಾಗಿತ್ತು, ತವರು ಅಂತ ಇರಲಿಲ್ಲ. ನಮ್ಮವರು ಅಂತ ಹೇಳಿಕೊಳ್ಳಲು ಇದ್ದವರೆಲ್ಲ ಈ ಹಲಗೆಯ ಸುತ್ತ ಕೂತವರೇ. ಗಂಡನ ಜೊತೆಗೆ ಇವರೂ ಹೋದ ಹಾಗೆ. ಅತ್ತೆಯೂ. ಅದನ್ನು ನೆನೆದಾಗಲಾದರೂ ಅಳು ಬರಬೇಕಿತ್ತು, ಬರಲಿಲ್ಲ. ಇಂಜೆಕ್ಷನ್ ಕೊಟ್ಟ ದವಡೆಯ ಹಾಗೆ, ಮುಟ್ಟಿದ್ದು ಗೊತ್ತಾಗುತ್ತಿತ್ತು, ನೋವು ಗೊತ್ತಾಗುತ್ತಿರಲಿಲ್ಲ.

ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ದವಡೆಯನ್ನು ಅತ್ತಿತ್ತ ಆಡಿಸುತ್ತಿದ್ದರು. ಅವರ ಬಾಯಲ್ಲಿದ್ದ ಹಲ್ಲಿನ ಸೆಟ್ಟು ಸೊಸೆಯೇ ಮಾಡಿಕೊಟ್ಟಿದ್ದು. "ಎಡಗಡೆ ಒತ್ತುತ್ತೆ ಕಣೇ," ಅಂತ ಕೆಲವು ದಿನಗಳಿಂದ ಹೇಳುತ್ತಲೇ ಇದ್ದರು. "ನೋಡ್ತೀನಿ ಅತ್ತೆ," ಅಂತ ಇವಳೂ ಹೇಳುತ್ತಲೇ ಇದ್ದಳು. ಬಾಯಿ ನೋಡಬೇಕಾದರೆ ಮುಖಕ್ಕೆ ಮುಖ ಕೊಟ್ಟು ನಿಲ್ಲಬೇಕು. ಅದಕ್ಕೇ ಇವತ್ತು ನಾಳೆ ಅಂತ ತಳ್ಳಿಕೊಂಡು ಬಂದಿದ್ದಳು.

"ಬರ್ಕೋ, ಪೈಪ್ ಅಂಗಡಿ. ನೀಲಿ, ಮೂರು ಒಂದು," ಅಂದರು ಭಾವ. ಫೈನಲ್‌ಗೆ ಬಂದಿದ್ದ ತಂಡಗಳಲ್ಲಿ ಒಂದರ ಅಂಗಿ ನೀಲಿ, ಇನ್ನೊಂದರದು ಹಳದಿ. ಅತ್ತೆಗೆ ತಿಳಿಯಲಿ ಅಂತ ಈ ಮನೆಯಲ್ಲಿ ಎಲ್ಲರೂ ಬಣ್ಣದ ಲೆಕ್ಕದಲ್ಲೇ ಮಾತಾಡುವುದು.

"ನಾನು ಹೇಳಿದ್ದು ಹಳದಿ," ಅಂದರು ಭಾವನ ಹೆಂಡತಿ. "ಮನೆ ಸಾಲು ಅಂತ ಹೆಸರಿಗೆ. ಬರೆಸೋದೆಲ್ಲ ಇವ್ರದ್ದೇ."

"ಮನೇಲೆಲ್ಲ ನಿನ್ನ ಮಾತೇ ನಡಿಯುತ್ತೆ. ಹಲಗೆ ಮೇಲಾದ್ರೂ ನಂದು ನಡೀಲಿ ಬಿಡೇ."

ಡ್ರೈವರ್ ಹಳದಿ ಅಂದ, ಒಂದು ಸೊನ್ನೆ. ಅವನ ಹತ್ತಿರ ಆಗಲೇ ನಾಲ್ಕು ಪಾಯಿಂಟು, ಭಾವನ ಹತ್ತಿರ ಎರಡು. ಎಲ್ಲರಿಗಿಂತ ಮುಂದಿದ್ದದ್ದು 'ನಮ್ಮನೆ' ಅಂತ ಬರೆದಿದ್ದ ಸಾಲು. ಎರಡು ಸೆಮಿಫೈನಲ್‌ಗಳಲ್ಲೂ ಗೋಲಿನ ಲೆಕ್ಕದ ಸಮೇತ ಸರಿ ಹೇಳಿ ಆರು ಪಾಯಿಂಟು. ಇಷ್ಟು ವರ್ಷಗಳಲ್ಲಿ ಈ ಮನೆ ಒಮ್ಮೆಯೂ ಗೆದ್ದಿರಲಿಲ್ಲ. ಬೇರೆ ವರ್ಷಗಳಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಮೂವರೂ ಕೂತು, ಗೆಲ್ಲುವವರನ್ನು ಗಂಡ ಹೇಳಿ, ಗೋಲು ಅವಳು ಹೇಳಿ, ಕೊನೆಗೆ ಅತ್ತೆ "ಇನ್ನೊಂದು ಸೇರ್ಸು" ಅಂತ ಕೆಡಿಸಿ ಬರೆಸುತ್ತಿದ್ದರು. ಈ ವರ್ಷ ಯಾರೂ ಕೂತಿರಲಿಲ್ಲ. ಅವನಾಗಿದ್ದರೆ ಏನು ಹೇಳುತ್ತಿದ್ದ, ಅತ್ತೆ ಏನು ಸೇರಿಸುತ್ತಿದ್ದರು ಅಂತ ಅಂದಾಜು ಮಾಡಿ ಅವಳೇ ಬರೆದಿದ್ದಳು. ಗಂಡನ ಮನಸ್ಸು ಅಂದಾಜು ಮಾಡುವುದು ಇನ್ನೂ ಬರುತ್ತಿತ್ತು. ಅದರಿಂದ ಏನೂ ಉಪಯೋಗವಿರಲಿಲ್ಲ, ಅಷ್ಟೇ.

"ಆರಕ್ಕೆ ಆರು," ಅಂದರು ಭಾವ ಹೆಂಡತಿಯ ಕಡೆ ತಿರುಗಿ. "ಒಗ್ಗಟ್ಟು ಅಂದ್ರೆ ಇದು ನೋಡು. ಕಲ್ತ್ಕೋ ಇವ್ರನ್ನ ನೋಡಿ." ಆಮೇಲೆ ತಮ್ಮನಿಗೆ, "ನಿಮ್ಮನೇದು ಹೇಳಪ್ಪ," ಅಂದರು.

"ಹಳದಿ. ಎರಡು ಒಂದು," ಅಂದ ಗಂಡ, ಟೀವಿಯಿಂದ ಕಣ್ಣು ತೆಗೆಯದೆ.

ಅವಳು ಸೀಮೆಸುಣ್ಣವನ್ನು ಆ ಸಾಲಿನ ಮೇಲೆ ಇಟ್ಟಳು. ಒಂದು ಅಕ್ಷರ, ಎರಡು ಅಂಕಿ ಬರೆದರೆ ಮುಗಿಯಿತು. ಕೈ ಮುಂದೆ ಹೋಗಲಿಲ್ಲ. ಸಿಟ್ಟು ಬಂದಿರಲಿಲ್ಲ, ದುಃಖವೂ ಆಗಿರಲಿಲ್ಲ. ನಮ್ಮನೆ ಅಂತ ಇದ್ದ ಆ ಅಕ್ಷರಗಳ ಮುಂದೆ ಇನ್ನೊಂದು ಸಲ ಸುಳ್ಳು ಬರೆಯಲು ಬೇಜಾರಾಯಿತು.

"ನಂದು ನೀಲಿ," ಅಂದಳು. "ಒಂದು ಸೊನ್ನೆ."

ಭಾವ ತೊಡೆ ತಟ್ಟಿ ನಕ್ಕರು. "ಒಂದು ಮನೆಗೆ ಒಂದೇ ಸಾಲು ರೆಫ್ರಿ. ನೀವಿಬ್ರೇ ಮಾಡಿದ ರೂಲು. ಒಳಜಗಳ ಇದ್ರೆ ಅಡುಗೆಮನೇಲಿ ಮುಗಿಸ್ಕೊಂಡು ಬನ್ನಿ."

ಅವಳು ಎಲ್ಲ ಸಾಲುಗಳ ಕೆಳಗೆ, ಹಲಗೆಯ ಅಂಚಿನಲ್ಲಿ, ಇನ್ನೊಂದು ಗೆರೆ ಎಳೆದಳು. ಹೆಸರು ಬರೆಯುವ ಜಾಗದಲ್ಲಿ ಏನು ಬರೆಯುವುದು ಅಂತ ಒಂದು ಕ್ಷಣ ತೋಚಲಿಲ್ಲ. ಆಮೇಲೆ 'ರೆಫ್ರಿ' ಅಂತ ಬರೆದಳು.

ಗಂಡ ಆ ದಿನ ಮೊದಲ ಸಲ ಅವಳ ಕಡೆ ನೋಡಿದ. ತಮಾಷೆ ಅಂತ ತೇಲಿಸಿಬಿಡಬಹುದಿತ್ತು. ಅವನು ತೇಲಿಸಲಿಲ್ಲ.

"ಬರೀಲಿ ಬಿಡಣ್ಣ," ಅಂದ. "ಭಾನುವಾರದಿಂದ ಅವಳ ಮನೆ ಬೇರೆ. ನಾವಿಬ್ರೂ ಮಾತಾಡಿ ಆಗಿದೆ."

ಟೀವಿಯಲ್ಲಿ ಸೋಪಿನ ಜಾಹೀರಾತು ಬರುತ್ತಿತ್ತು. ಭಾವನ ಹೆಂಡತಿ ಟೀ ಲೋಟವನ್ನು ನೆಲದ ಮೇಲಿಟ್ಟು ಅವಳನ್ನೂ ಅವನನ್ನೂ ನೋಡಿದರು. ಡ್ರೈವರ್ ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯದೆ ತೊಡೆಯ ಮೇಲಿನ ಟವೆಲನ್ನು ಬಿಚ್ಚಿ ಮತ್ತೆ ಸುತ್ತಿದ. ಹುಟ್ಟಿದಾಗಿನಿಂದ ಮಾತಿಗೆ ಬರಗಾಲ ಕಾಣದ ಭಾವ ಸೋಫಾದ ಅಂಚಿಗೆ ಸರಿದು ಕೂತರು. ಹಲಗೆ ನೋಡಿದರು, ತಮ್ಮನನ್ನು ನೋಡಿದರು, ಕೊನೆಗೆ, "ಹಂಗಾದ್ರೆ ಆ ಆರು ಪಾಯಿಂಟು ಯಾರಿಗೆ?" ಅಂದರು.

"ನಿಮ್ಮ ಬಾಯಿಗಿಷ್ಟು," ಅಂದರು ಅವರ ಹೆಂಡತಿ ಮೆಲ್ಲಗೆ. ಭಾವನ ಮುಖ ಕಪ್ಪಿಟ್ಟಿತು. ಪಾಪ, ಕೇಳಲು ಅವರಿಗೆ ಬೇರೇನೂ ಹೊಳೆದಿರಲಿಲ್ಲ.

"ಅವಳಿಗೇ ಹಾಕಿ. ಎರಡೂ ಮ್ಯಾಚಿಂದು ಅವಳೇ ಬರೆದಿದ್ದು," ಅಂದ ಗಂಡ. ಅವನು ಗಮನಿಸಿದ್ದ ಅಂತ ಅವಳಿಗೆ ಆಗಷ್ಟೇ ಗೊತ್ತಾಗಿದ್ದು.

"ಬೇಡ. ಮನೇದು ಮನೇಲೇ ಇರ್ಲಿ," ಅಂದಳು. "ನಂದು ಸೊನ್ನೆಯಿಂದ."

ತನ್ನ ಸಾಲಿನ ಮುಂದೆ ಸೊನ್ನೆ ಬರೆದು, ಅದು ಸರಿಯಾಗಿ ದುಂಡಗಾಗದ ಕಾರಣ ಒರೆಸಿ ಮತ್ತೆ ಬರೆದಳು.

"ನಾನು ಯಾವ ಸಾಲು?"

ಕಿಟಕಿಯ ಪಕ್ಕದಿಂದ ಅತ್ತೆ ಕೇಳಿದ್ದರು. ದವಡೆ ಆಡಿಸುವುದನ್ನು ನಿಲ್ಲಿಸಿದ್ದರು.

"ನೀನು ಮಗನ ಸಾಲಮ್ಮ. ಅದರಲ್ಲೇನು ಕೇಳೋದು," ಅಂದರು ಭಾವ.

"ನಿನ್ನ ಕೇಳ್ಲಿಲ್ಲ. ರೆಫ್ರಿನ ಕೇಳ್ದೆ."

ಅತ್ತೆ ಅವಳನ್ನು ಆ ಹೆಸರಿನಿಂದ ಯಾವತ್ತೂ ಕರೆದವರಲ್ಲ. ಎಲ್ಲರೂ ಅವಳ ಕಡೆ ನೋಡುತ್ತಿದ್ದರು. ಅವಳು ನಿಯಮ ಯೋಚಿಸಿದಳು. ಯೋಚಿಸಲು ಏನೂ ಇರಲಿಲ್ಲ. ಇರುವ ಮನೆ ಯಾವುದೋ ಅದೇ ಸಾಲು.

"ನೀವು ಇಲ್ಲೇ ಇರ್ತೀರಲ್ಲ ಅತ್ತೆ," ಅಂದಳು, ಸೀಮೆಸುಣ್ಣದಿಂದ ಮೇಲಿನ ಸಾಲು ತೋರಿಸಿ. "ಇದಕ್ಕೇ."

"ಸರಿ. ರೆಫ್ರಿ ಹೇಳಿದ್ಮೇಲೆ ಆಯ್ತು," ಅಂದರು ಅತ್ತೆ. ಆಮೇಲೆ, "ಎರಡು ಒಂದು ಬೇಡ. ಇನ್ನೊಂದು ಸೇರ್ಸು," ಅಂದರು. ಅವಳು ಮೂರು ಒಂದು ಅಂತ ಬರೆದಳು.

ಪಂದ್ಯ ಶುರುವಾಯಿತು. ಯಾರೂ ಎದ್ದು ಹೋಗಲಿಲ್ಲ. ಹೋದರೆ ಏನಾದರೂ ಹೇಳಿ ಹೋಗಬೇಕಿತ್ತು. ಇಪ್ಪತ್ತೆರಡು ಜನ ಹಸಿರು ಹುಲ್ಲಿನ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಿದರು. ಮುಗಿಯುವ ಹೊತ್ತಿಗೆ ನೀಲಿಯವನೊಬ್ಬ ತಲೆಯಿಂದ ಚೆಂಡು ಒಳಗೆ ಹಾಕಿದ. ಬೇರೆ ವರ್ಷವಾಗಿದ್ದರೆ ಸೋಫಾ ಮುರಿಯುತ್ತಿತ್ತು. "ಗೋಲು," ಅಂದರು ಭಾವ, ಬಸ್ಸು ಬಂತು ಅನ್ನುವ ಹಾಗೆ.

ಒಂದು ಸೊನ್ನೆ. ಅವಳ ಸಾಲಿಗೆ ಮೂರು ಪಾಯಿಂಟು, ಭಾವನಿಗೆ ಒಂದು, ಹಳದಿ ಅಂದಿದ್ದವರಿಗೆ ಏನೂ ಇಲ್ಲ. ಆದರೂ ಹಳೆಯ ಆರರ ಬಲದಿಂದ 'ನಮ್ಮನೆ'ಯೇ ಗೆದ್ದಿತು. ಡ್ರೈವರ್ ಟವೆಲ್ ಬಿಚ್ಚಿ ಚಿನ್ನದ ಹಲ್ಲನ್ನು ಯಾರ ಕೈಗೆ ಕೊಡಬೇಕೋ ತಿಳಿಯದೆ ನಿಂತ. ಅವಳೇ ಇಸಿದುಕೊಂಡು, ಸೆರಗಿನಿಂದ ಒರೆಸಿ, ಟೀವಿಯ ಪಕ್ಕದಲ್ಲಿ ಇಟ್ಟಳು. ಅಲ್ಲಿ ಅದು ಚೆನ್ನಾಗಿ ಕಾಣುತ್ತಿತ್ತು.

ಹೊರಡುವಾಗ ಭಾವನ ಹೆಂಡತಿ ಅವಳ ತೋಳು ಹಿಡಿದು, "ಫೋನ್ ಮಾಡ್ತಾ ಇರು," ಅಂದರು. ಅಂಥ ಹೊತ್ತಿನಲ್ಲಿ ಎಲ್ಲರೂ ಹೇಳುವ ಮಾತು. ಅವಳು "ಹೂಂ ಅಕ್ಕ" ಅಂದಳು. ಭಾವ ಚಪ್ಪಲಿ ಮೆಟ್ಟಿಕೊಂಡು, "ಬರೋ ವರ್ಷ..." ಅಂತ ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಗಂಡನಿಗೆ ಯಾವುದೋ ಕಟ್ಟಡದಿಂದ ಕರೆ ಬಂತು, ಲಿಫ್ಟು ನಿಂತಿದೆಯಂತೆ. ಟೂಲ್ ಬ್ಯಾಗು ಹೆಗಲಿಗೇರಿಸಿಕೊಂಡು ಅವನೂ ಹೋದ.

ಅವಳು ಹಲಗೆಯ ಮುಂದೆ ಬಂದು ನಿಂತಳು. ಪ್ರತಿ ವರ್ಷ ಎಲ್ಲರೂ ಹೋದ ಮೇಲೆ ಒರೆಸಿಡುವುದು ಅವಳದೇ ಕೆಲಸ. ಹಿಂದಿನಿಂದ ಅತ್ತೆ ಬಂದದ್ದು ಗೊತ್ತಾಯಿತು. ಅವರು ಮುಖ ಪಕ್ಕಕ್ಕೆ ತಿರುಗಿಸಿ, ಬಾಯಿಯಿಂದ ಹಲ್ಲಿನ ಸೆಟ್ಟು ತೆಗೆದು, ಕರ್ಚೀಫಿನಲ್ಲಿ ಸುತ್ತಿ ಅವಳ ಅಂಗೈಯಲ್ಲಿಟ್ಟರು.

"ಎಡಗಡೆ ಒತ್ತುತ್ತೆ ಅಂತ ಹೇಳ್ತಾನೇ ಇದೀನಿ," ಅಂದರು. ಹಲ್ಲಿಲ್ಲದೆ ಮಾತು ಗಾಳಿ ಗಾಳಿಯಾಗಿ ಬರುತ್ತಿತ್ತು. "ತಗೊಂಡ್ಹೋಗು."

"ನಾಳೆನೇ ಉಜ್ಜಿ ಸರಿ ಮಾಡ್ತೀನಿ ಅತ್ತೆ. ಭಾನುವಾರದೊಳಗೆ ಕೊಟ್ಟುಬಿಡ್ತೀನಿ."

"ಅವಸರ ಏನಿಲ್ಲ. ಭಾನುವಾರ ಕಳೀಲಿ. ಆಮೇಲೆ ತಂದ್ಕೊಡು."

"ಅಲ್ಲೀ ತನಕ ಊಟ ಹೇಗೆ ಮಾಡ್ತೀರಿ?"

"ಮೆತ್ತಗಿರೋದು ತಿಂತೀನಿ. ನೀನೇ ತಗೊಂಡು ಬಾ, ಯಾರ ಕೈಲೂ ಕಳಿಸ್ಬೇಡ. ಹಾಕಿ ನೋಡ್ಬೇಕಲ್ಲ." ಅತ್ತೆ ತಮ್ಮ ಕೋಣೆಯ ಬಾಗಿಲ ತನಕ ಹೋಗಿ ನಿಂತರು. "ಒಂದೇ ಸಲಕ್ಕೆ ಸರಿಹೋಗಲ್ಲ ಅದು. ಮತ್ತೆ ಮತ್ತೆ ಒಯ್ದು ತರ್ಬೇಕಾಗುತ್ತೆ."

ಬಾಗಿಲು ಮುಚ್ಚಿತು. ಹಲಗೆಯ ಮೇಲೆ ಎಲ್ಲರ ಸಾಲೂ ಹಾಗೆಯೇ ಇತ್ತು, ಕೆಳಗಿನ ಅಂಚಿನಲ್ಲಿ ಅವಳದೂ. ಅವಳು ಒರೆಸುವ ಬಟ್ಟೆಗೆ ಕೈ ಹಾಕಲಿಲ್ಲ. ಕರ್ಚೀಫಿನ ಮೇಲೆ ಬೆರಳುಗಳನ್ನು ಮಡಿಸಿ ಹಿಡಿದಳು. ಒಳಗಿನ ಹಲ್ಲು ಇನ್ನೂ ಬೆಚ್ಚಗಿತ್ತು.